ಬೀಗದ ಕೈ ಯಾರ ಹತ್ತಿರ?

ಬೆಳಗಿನ ಐದೂವರೆ ಗಂಟೆಗೆ ನಮ್ಮ ನೌಬಾದಿನ ದೊಡ್ಡ ರಸ್ತೆಯ ಬದಿಯಲ್ಲಿ ಒಬ್ಬ ಹುಡುಗಿ ಓಡುತ್ತಾಳೆ. ಪಿಯುಸಿ ಮೊದಲ ವರ್ಷ. ಅವಳ ಹಿಂದೆ ಹತ್ತಿಪ್ಪತ್ತು ಮಾರು ಅಂತರದಲ್ಲಿ ಅವಳಪ್ಪ ಸ್ಕೂಟರಿನ ದೀಪ ಹಚ್ಚಿಕೊಂಡು ನಿಧಾನವಾಗಿ ಬರುತ್ತಾರೆ. ಹಿಂದಿನಿಂದ ಬರುವ ಲಾರಿಗೆ ಮೊದಲು ತಮ್ಮ ಗಾಡಿ ಕಾಣಲಿ, ಮಗಳು ಆಮೇಲೆ ಎಂಬುದು ಅವರ ಲೆಕ್ಕ. ವಾಯುವಿಹಾರಕ್ಕೆ ಹೊರಟ ನನ್ನಂಥವರು ಆ ಇಬ್ಬರನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು. ಅಷ್ಟು ನಿಯಮ.

ಹೋದ ತಿಂಗಳು ಒಂದು ದಿನ ಅವರು ಗಾಡಿ ನಿಲ್ಲಿಸಿ ಮಾತಿಗೆ ನಿಂತರು.

"ಮಾಸ್ತರ್ರೆ, ನಮ್ ಪೋರಿ ಎಂಟುನೂರು ಮೀಟರಿನಾಗ ಜಿಲ್ಲಾಕ್ಕ ಎರಡನೇದು ಬಂದಾಳ್ರಿ. ಹೈದರಾಬಾದಿನಾಗ ದೊಡ್ಡ ಸ್ಟೇಡಿಯಂ ಅದ ಅಂತಾರ. ಅಲ್ಲೇ ಯಾವ್ದರ ಕಾಲೇಜಿಗಿ ಹಾಕ್ಲೇನ್ರಿ? ಇಲ್ಲಿ ಏನದ್ರಿ, ರೋಡಿನ ಮ್ಯಾಲೇ ಓಡಬೇಕು."

"ಮನ್ಯಾಗ ಏನಂತಾರ?" ಎಂದೆ.

"ಮನ್ಯಾಗೇನ್ರಿ, ಓಡಿದ್ರ ಹೊಟ್ಟಿ ತುಂಬ್ತದೇನು ಅಂತಾರ. ಅವರದೂ ಖರೇನೇ ಅದ."

ಹುಡುಗಿ ಮಾತಾಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಉಸಿರು ಹತೋಟಿಗೆ ತಂದುಕೊಳ್ಳುತ್ತ, ನನ್ನ ಮುಖವನ್ನೇ ನೋಡುತ್ತಿದ್ದಳು. ಥಟ್ಟನೆ ಉತ್ತರ ಹೇಳುವ ಪ್ರಶ್ನೆ ಅದಾಗಿರಲಿಲ್ಲ. "ಸ್ವಲ್ಪ ದಿನ ಟೈಮ್ ಕೊಡ್ರಿ, ಬರೆದೇ ಹೇಳ್ತೀನಿ" ಎಂದು ಬಂದೆ. ಈ ವಾರದ ಅಂಕಣ ಆ ಅಪ್ಪ ಮಗಳಿಗೆ ಕೊಡಬೇಕಾದ ಉತ್ತರ. ಇಂಥದೇ ಪ್ರಶ್ನೆ ಇಟ್ಟುಕೊಂಡು ಕುಳಿತಿರುವ ಭಾಲ್ಕಿ, ಔರಾದ್, ಹುಮನಾಬಾದಿನ ಪಾಲಕರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದೊಡ್ಡ ಸ್ಟೇಡಿಯಮ್ಮಿನ ಸಂಗತಿ.

ನಮಗೆ ಹೈದರಾಬಾದ್ ಹೊಸದಲ್ಲ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರೇ. ಇಂದಿಗೂ ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಕೋಚಿಂಗ್ ಕ್ಲಾಸು ಎಂದರೆ ನಮ್ಮವರು ಹಿಡಿಯುವುದು ಜಹೀರಾಬಾದಿನ ದಾರಿಯನ್ನೇ. ಬೀದರಿನಿಂದ ರೈಲಿನಲ್ಲಿ ಹೋಗುವವರು ಲಿಂಗಂಪಲ್ಲಿಯಲ್ಲಿ ಇಳಿದು ಸಿಟಿ ಬಸ್ಸು ಹತ್ತಿದರೆ, ಹೈದರಾಬಾದ್ ವಿಶ್ವವಿದ್ಯಾಲಯದ ಗೇಟು ದಾಟಿದ ಮೇಲೆ ಗಚ್ಚಿಬೌಲಿ ಸಿಗುತ್ತದೆ. ಬೌಲಿ ಎಂದರೆ ಬಾವಿ, ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಬರೀ ಬಂಡೆಗಲ್ಲುಗಳ ಬಯಲಾಗಿದ್ದ ಆ ಊರು ಈಗ ಗಾಜಿನ ಕಟ್ಟಡಗಳ ಪೇಟೆ. ಅದರ ನಡುವೆ ಇದೆ ಜಿ.ಎಂ.ಸಿ. ಬಾಲಯೋಗಿ ಅಥ್ಲೆಟಿಕ್ ಕ್ರೀಡಾಂಗಣ. ಲೋಕಸಭೆಯ ಅಧ್ಯಕ್ಷರಾಗಿದ್ದ ಬಾಲಯೋಗಿಯವರು 2002ರ ಮಾರ್ಚಿನಲ್ಲಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು.

ಎರಡು ಕೂಟಗಳನ್ನು ಕಣ್ಣ ಮುಂದಿಟ್ಟುಕೊಂಡು ಎದ್ದು ನಿಂತ ಕಟ್ಟಡ ಅದು. 2002ರ ಡಿಸೆಂಬರಿನ ರಾಷ್ಟ್ರೀಯ ಕ್ರೀಡಾಕೂಟ ಒಂದು, 2003ರ ಆಫ್ರೋ-ಏಷ್ಯನ್ ಕ್ರೀಡಾಕೂಟ ಇನ್ನೊಂದು. ಈ ಎರಡನೆಯದರ ಕತೆ ಸ್ವಾರಸ್ಯದ್ದು. ಏಷ್ಯಾ ಮತ್ತು ಆಫ್ರಿಕಾ ಖಂಡಗಳ ದೇಶಗಳನ್ನು ಒಂದೇ ಅಂಗಳಕ್ಕೆ ಕರೆತರುವ ಯೋಚನೆ ಹಳೆಯದು, ಕೂಡಿಬಂದದ್ದು ಮಾತ್ರ ತಡವಾಗಿ. 2001ರಲ್ಲಿ ದೆಹಲಿಯಲ್ಲಿ ನಡೆಯಬೇಕಿತ್ತು, ಮುಂದಕ್ಕೆ ಹೋಯಿತು. ಕೊನೆಗೆ 2003ರ ಅಕ್ಟೋಬರ್ 24ರಿಂದ ನವೆಂಬರ್ 1ರವರೆಗೆ ಹೈದರಾಬಾದಿನಲ್ಲಿ ನಡೆಯಿತು. ಓಟ-ಜಿಗಿತ, ಹಾಕಿ, ಫುಟ್‌ಬಾಲ್, ಈಜು, ಟೆನಿಸ್, ಬಾಕ್ಸಿಂಗ್, ಗುರಿಕಾರಿಕೆ, ಭಾರ ಎತ್ತುವಿಕೆ ಎಂದು ಎಂಟು ಆಟಗಳು. ಪದಕ ಪಟ್ಟಿಯಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಅದೇ ವರ್ಷದ ಆಗಸ್ಟಿನಲ್ಲಿ ಪ್ಯಾರಿಸ್ಸಿನ ವಿಶ್ವ ಕೂಟದಲ್ಲಿ ಕಂಚು ಗೆದ್ದು ಬಂದಿದ್ದ ಅಂಜು ಬಾಬಿ ಜಾರ್ಜ್ ಇಲ್ಲಿ ಉದ್ದ ಜಿಗಿತದಲ್ಲಿ ಚಿನ್ನ ಗೆದ್ದರು. ಅವರು ಪಳಗಿದ್ದು ನಮ್ಮ ಬೆಂಗಳೂರಿನಲ್ಲಿ.

ಮುಂದಿನ ಆಫ್ರೋ-ಏಷ್ಯನ್ ಕೂಟ 2007ರಲ್ಲಿ ಅಲ್ಜೀರಿಯಾದಲ್ಲಿ ಎಂದು ನಿಶ್ಚಯವಾಗಿತ್ತು. ಅದು ನಡೆಯಲೇ ಇಲ್ಲ. ಆಮೇಲೆ ಎಲ್ಲಿಯೂ ನಡೆಯಲಿಲ್ಲ. ಅಂದರೆ ಮೊದಲನೆಯ ಕೂಟವೇ ಇಂದಿನವರೆಗಿನ ಕೊನೆಯ ಕೂಟ. ಒಂಬತ್ತು ದಿನದ ಜಾತ್ರೆ ಮುಗಿಯಿತು, ತೇರು ಮಾತ್ರ ಅಲ್ಲೇ ಉಳಿಯಿತು.

ತೇರು ಎಂದೆ. ಅದನ್ನು ಕಟ್ಟಿದ ಬಗೆಯನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು. ಒಂದೇ ಅಂಗಳದಲ್ಲಿ ಹಲವು ಆಟ ಎಂದರೆ ಸುಮ್ಮನೆ ಅಲ್ಲ, ಅದರೊಳಗೆ ಒಳ್ಳೆಯ ಗಣಿತವಿದೆ. ಪೆನ್ಸಿಲು ಕಾಗದ ತೆಗೆದುಕೊಳ್ಳಿ.

ಅಂತರರಾಷ್ಟ್ರೀಯ ಅಳತೆಯ ಓಟದ ಹಾದಿ ಒಂದು ಸುತ್ತಿಗೆ 400 ಮೀಟರು. ಎರಡು ನೇರ ಬದಿಗಳು, ಎರಡು ಅರ್ಧ ವೃತ್ತಗಳು. ನೇರ ಬದಿ ಒಂದೊಂದೂ 84.39 ಮೀಟರು. ಅರ್ಧ ವೃತ್ತದ ತ್ರಿಜ್ಯ 36.50 ಮೀಟರು. ಓಡುವವರು ಒಳ ಅಂಚನ್ನು ತುಳಿದುಕೊಂಡು ಓಡುವುದಿಲ್ಲ, ಸ್ವಲ್ಪ ಹೊರಗೆ ಓಡುತ್ತಾರೆ. ಅದಕ್ಕಾಗಿ ಅಂಚಿನಿಂದ 30 ಸೆಂಟಿಮೀಟರು ಆಚೆ ಅಳೆಯುತ್ತಾರೆ. ಹಾಗಾಗಿ ಲೆಕ್ಕಕ್ಕೆ ತ್ರಿಜ್ಯ 36.80. ಎರಡು ಅರ್ಧ ವೃತ್ತ ಸೇರಿದರೆ ಒಂದು ಪೂರ್ತಿ ವೃತ್ತ. ಅದರ ಸುತ್ತಳತೆ 2 × 3.1416 × 36.80, ಅಂದರೆ 231.22. ನೇರ ಬದಿ ಎರಡೂ ಸೇರಿ 168.78. ಕೂಡಿಸಿ ನೋಡಿ, ಸರಿಯಾಗಿ 400.

ಈಗ ಇನ್ನೊಂದು ಸಂಗತಿ. ನಾಲ್ಕುನೂರು ಮೀಟರಿನ ಓಟದಲ್ಲಿ ಹೊರಗಿನ ಹುಡುಗ ಅಷ್ಟು ಮುಂದೆ ನಿಂತಿರುತ್ತಾನಲ್ಲ, ಅದು ಮೋಸವಲ್ಲವೇ ಎಂದು ಶಾಲೆಯ ಮಕ್ಕಳು ಕೇಳುತ್ತಾರೆ. ಒಂದೊಂದು ಲೇನಿನ ಅಗಲ 1.22 ಮೀಟರು. ಹೊರಕ್ಕೆ ಸರಿದಂತೆ ವೃತ್ತ ದೊಡ್ಡದಾಗುತ್ತದೆ. ಎರಡನೆಯ ಲೇನಿಗೆ 7.04 ಮೀಟರು, ಅಲ್ಲಿಂದಾಚೆ ಒಂದೊಂದಕ್ಕೂ 7.67 ಮೀಟರು ದಾರಿ ಹೆಚ್ಚು. ಎಂಟನೆಯ ಲೇನಿಗೆ ಬರುವಷ್ಟರಲ್ಲಿ ಈ ಹೆಚ್ಚುವರಿ 53 ಮೀಟರು ದಾಟುತ್ತದೆ. ಅಷ್ಟು ಮುಂದೆ ನಿಲ್ಲಿಸಿದರೆ ಮಾತ್ರ ಎಲ್ಲರಿಗೂ ಸಮ. ಮುಂದೆ ನಿಂತವನಿಗೆ ರಿಯಾಯಿತಿ ಸಿಕ್ಕಿದೆ ಎಂದು ನೋಡುವ ಕಣ್ಣಿಗೆ ಅನಿಸುತ್ತದೆ. ಅವನು ಓಡಬೇಕಾದ ದಾರಿ ಎಷ್ಟು ಎಂದು ಅಳೆದವರಿಗೆ ನಿಜ ಗೊತ್ತು. ಈ ಮಾತು ಓಟಕ್ಕಷ್ಟೇ ಅನ್ವಯಿಸುವುದಲ್ಲ, ಹಿಂದುಳಿದ ಜಿಲ್ಲೆಯವರಾದ ನಮಗೆ ಅದು ಬೇಗ ತಿಳಿಯುತ್ತದೆ.

ಇನ್ನು ಫುಟ್‌ಬಾಲು. ಓಟದ ಹಾದಿಯ ಒಳಗಿನ ಅಗಲ 36.50ರ ಎರಡರಷ್ಟು, ಅಂದರೆ 73 ಮೀಟರು. ಫುಟ್‌ಬಾಲ್ ಮೈದಾನದ ಅಗಲ 68. ಎರಡೂ ಬದಿಗೆ ಎರಡೂವರೆ ಮೀಟರು ಉಳಿಯುತ್ತದೆ. ಉದ್ದ 105 ಮೀಟರು. ಅದು ನೇರ ಬದಿಗಿಂತ ಉದ್ದವಾದ್ದರಿಂದ ಮೈದಾನದ ನಾಲ್ಕು ಮೂಲೆಗಳು ಅರ್ಧ ವೃತ್ತದೊಳಕ್ಕೆ ಚಾಚುತ್ತವೆ. ಎಷ್ಟು ಜಾಗ ಉಳಿಯುತ್ತದೆ? ಹತ್ತನೆಯ ತರಗತಿಯ ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ. ವೃತ್ತದ ಕೇಂದ್ರದಿಂದ ಮೂಲೆಗೆ 35.53 ಮೀಟರು ಬರುತ್ತದೆ. ತ್ರಿಜ್ಯ 36.50. ಉಳಿಯುವುದು ಒಂದು ಮೀಟರಿಗೂ ಕಡಿಮೆ. ಇಷ್ಟು ಬಿಗಿಯಾಗಿ ಎರಡು ಆಟಗಳನ್ನು ಒಂದರೊಳಗೊಂದು ಕೂಡಿಸಿದ್ದಾರೆ. ಒಂದು ಮನೆಯಲ್ಲಿ ಎರಡು ಸಂಸಾರ ಇದ್ದಂತೆ. ಹೊಂದಿಕೊಂಡರೆ ಸ್ವರ್ಗ, ಇಲ್ಲದಿದ್ದರೆ ನಿತ್ಯ ತಕರಾರು.

ತಕರಾರು ಬಂದೂ ಇದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಹೆಸರು ನೀವು ಕೇಳಿದ್ದೀರಿ. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಅಂಗಳ. 2014ರಿಂದ ಅಲ್ಲಿ ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದು ತನ್ನ ಪಂದ್ಯಗಳನ್ನು ಆಡತೊಡಗಿತು. ಗ್ಯಾಲರಿ ತುಂಬಿತು, ಕೇಕೆ ಮೊಳಗಿತು, ಒಳ್ಳೆಯದೇ. ಆದರೆ ಓಟಗಾರರಿಗೆ, ಎಸೆತದವರಿಗೆ ಅಭ್ಯಾಸದ ಹೊತ್ತು ಕಡಿಮೆಯಾಯಿತು ಎಂಬ ದೂರು ಎದ್ದಿತು. ಅಥ್ಲೀಟುಗಳು, ಕೋಚುಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2025ರ ಜುಲೈ 5ರಂದು ಅದೇ ಅಂಗಳದಲ್ಲಿ ನೀರಜ್ ಚೋಪ್ರಾ ಹೆಸರಿನ ಅಂತರರಾಷ್ಟ್ರೀಯ ಜಾವೆಲಿನ್ ಸ್ಪರ್ಧೆ ನಡೆದು, ಅವರೇ 86.18 ಮೀಟರು ಎಸೆದು ಗೆದ್ದಾಗ, ಅದು ಓಟ-ಎಸೆತಗಳ ಮನೆಯೂ ಹೌದು ಎಂಬುದು ಜನಕ್ಕೆ ಮತ್ತೆ ನೆನಪಾಯಿತು.

ಗಚ್ಚಿಬೌಲಿಗೆ ಮರಳೋಣ. ಕೂಟ ಮುಗಿದ ಮೇಲೆ ಅದರ ಬಾಳು ಏನಾಯಿತು?

2007ರಲ್ಲಿ ಜಗತ್ತಿನ ಸೇನಾಪಡೆಗಳ ಕ್ರೀಡಾಕೂಟ ಹೈದರಾಬಾದ್ ಮತ್ತು ಮುಂಬಯಿಯಲ್ಲಿ ನಡೆದಾಗ ಅದಕ್ಕೆ ಮತ್ತೆ ಕಳೆ ಬಂತು. 2009ರ ಆಗಸ್ಟಿನಲ್ಲಿ ಪಕ್ಕದ ಒಳಾಂಗಣದಲ್ಲಿ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್ ನಡೆಯಿತು. 2019ರಿಂದ ಕೆಲವು ವರ್ಷ ಅಲ್ಲಿ ಇಂಡಿಯನ್ ಸೂಪರ್ ಲೀಗಿನ ಫುಟ್‌ಬಾಲ್ ಪಂದ್ಯಗಳಾದವು. 2020ರ ಏಪ್ರಿಲಿನಲ್ಲಿ, ಕೊರೋನಾ ಬಂದಾಗ, ಅದೇ ಆವರಣದ ಹದಿನಾಲ್ಕು ಅಂತಸ್ತಿನ ಕಟ್ಟಡವನ್ನು ತೆರವು ಮಾಡಿ 1,500 ಹಾಸಿಗೆಗಳ ಆಸ್ಪತ್ರೆ ಮಾಡಿದರು. ಆಟಗಾರರಿಗಿದ್ದ ಕಟ್ಟಡದಲ್ಲಿ ರೋಗಿಗಳು ಮಲಗಿದರು. ಬಹೂಪಯೋಗಿ ಎಂಬ ಮಾತಿಗೆ ಅಂಥ ಅರ್ಥವೂ ಬರಬಹುದೆಂದು ನಕ್ಷೆ ಬರೆದವರು ಎಣಿಸಿರಲಾರರು. 2024ರ ಸೆಪ್ಟೆಂಬರಿನಲ್ಲಿ ಭಾರತ, ಸಿರಿಯಾ, ಮಾರಿಷಸ್ ತಂಡಗಳ ಇಂಟರ್‌ಕಾಂಟಿನೆಂಟಲ್ ಕಪ್ ಅಲ್ಲೇ ನಡೆದು ಸಿರಿಯಾ ಗೆದ್ದಿತು.

ಪಟ್ಟಿ ದೊಡ್ಡದಾಗಿಯೇ ಕಾಣುತ್ತದೆ. ಆದರೆ ವರ್ಷಗಳ ನಡುವಿನ ಅಂತರ ಗಮನಿಸಿ. ಒಂದು ಕೂಟಕ್ಕೆ ಹತ್ತು ದಿನ ಎಂದಿಟ್ಟುಕೊಂಡರೂ ಇಪ್ಪತ್ತು ವರ್ಷಗಳಲ್ಲಿ ಹಬ್ಬದ ದಿನಗಳು ಎಷ್ಟಾದವು? ಉಳಿದ ಸಾವಿರಾರು ದಿನ ಆ ಅಂಗಳದಲ್ಲಿ ಯಾರಿದ್ದರು? ಕ್ರೀಡಾಂಗಣದ ಬೆಲೆ ಕಟ್ಟಬೇಕಾದದ್ದು ಈ ಪ್ರಶ್ನೆಯಿಂದ.

ನಾನು ಅದನ್ನು ನೋಡಿದ್ದು ಕೂಟದ ದಿನವಲ್ಲ, ಒಂದು ಸಾದಾ ದಿನ. ಸಾವಿರಾರು ಕುರ್ಚಿಗಳು ಖಾಲಿ. ಪಾರಿವಾಳಗಳ ರೆಕ್ಕೆ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದ. ಕೆಳಗೆ ಓಟದ ಹಾದಿಯಲ್ಲಿ ಏಳೆಂಟು ಮಕ್ಕಳು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ಒಬ್ಬ ಕೋಚು. ಆತ ಒಬ್ಬ ಹುಡುಗನನ್ನು ನಿಲ್ಲಿಸಿ ಮೊಳಕೈ ಹೇಗೆ ಮಡಿಸಬೇಕು ಎಂದು ಮತ್ತೆ ಮತ್ತೆ ತಿದ್ದುತ್ತಿದ್ದ. ಹದಿನೈದು ನಿಮಿಷ ಅದೇ ಒಂದು ಪಾಠ. ಅಷ್ಟು ದೊಡ್ಡ ಕಟ್ಟಡದೊಳಗೆ ಜೀವ ಇದ್ದದ್ದು ಆ ಒಂದು ಮೊಳಕೈಯ ಸುತ್ತ ಮಾತ್ರ ಎಂದು ನನಗನ್ನಿಸಿತು.

ಇದು ನಮ್ಮ ದೇಶವೊಂದರ ಪಾಡಲ್ಲ. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗೆ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷ. ಕೂಟ ನೋಡಿದ ಹುಡುಗ ಮದುವೆಯಾಗಿ, ಮಕ್ಕಳ ತಂದೆಯಾಗಿ, ಆ ಸಾಲಕ್ಕೆ ತೆರಿಗೆ ಕಟ್ಟಿದ. ಗ್ರೀಸಿನ ಅಥೆನ್ಸಿನಲ್ಲಿ 2004ರ ಒಲಿಂಪಿಕ್ಸಿಗೆಂದು ಎದ್ದ ಕೆಲವು ಅಂಗಳಗಳಲ್ಲಿ ಕಳೆ ಬೆಳೆಯಿತು. ಲಂಡನ್ನಿನವರು ಸ್ವಲ್ಪ ಮುಂಚಿತವಾಗಿ ಯೋಚಿಸಿದರು. 2012ರ ಒಲಿಂಪಿಕ್ ಕ್ರೀಡಾಂಗಣವನ್ನು ಮಾರ್ಪಡಿಸಿ 2016ರಿಂದ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಮನೆ ಮಾಡಿಕೊಟ್ಟು, ಓಟದ ಹಾದಿಯನ್ನೂ ಉಳಿಸಿಕೊಂಡರು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದಿದೆ. ನಮ್ಮ ದೇಶದಲ್ಲಿ ಮತ್ತೆ ದೊಡ್ಡ ಅಂಗಳಗಳನ್ನು ಕಟ್ಟುವ ಕಾಲ. ಆದ್ದರಿಂದ ಈ ಮಾತು ಈಗಲೇ ಆಡಬೇಕು.

ಅಂಗಳ ಕಟ್ಟಿದರಾಯಿತು, ಅದು ಇದ್ದೇ ಇರುತ್ತದಲ್ಲ ಎನ್ನುವವರಿದ್ದಾರೆ. ಇರುತ್ತದೆ ನಿಜ. ಆದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ?

ದೆಹಲಿಯಲ್ಲಿ ತ್ಯಾಗರಾಜ ಕ್ರೀಡಾಂಗಣವಿದೆ. 2010ರ ಕಾಮನ್‌ವೆಲ್ತ್ ಕೂಟದಲ್ಲಿ ನೆಟ್‌ಬಾಲ್ ಪಂದ್ಯಗಳಿಗಾಗಿ ಕಟ್ಟಿದ್ದು. 2022ರ ಮೇ ತಿಂಗಳಲ್ಲಿ ಅಲ್ಲಿನ ಸುದ್ದಿ ದೇಶವೆಲ್ಲ ಓಡಾಡಿತು. ಸಂಜೆ ಏಳಕ್ಕೆಲ್ಲ ಅಭ್ಯಾಸ ನಿಲ್ಲಿಸಿ ಹೊರಡಿ ಎಂದು ಮಕ್ಕಳನ್ನು ಕಳಿಸುತ್ತಾರೆ, ಆಮೇಲೆ ಒಬ್ಬ ದೊಡ್ಡ ಅಧಿಕಾರಿ ಓಟದ ಹಾದಿಯ ಮೇಲೆ ನಾಯಿ ಅಡ್ಡಾಡಿಸುತ್ತಾರೆ ಎಂಬ ವರದಿ. ಕೂಡಲೇ ದೆಹಲಿ ಸರಕಾರ ತನ್ನ ಕ್ರೀಡಾಂಗಣಗಳನ್ನು ರಾತ್ರಿ ಹತ್ತರವರೆಗೆ ತೆರೆದಿಡಬೇಕೆಂದು ಆಜ್ಞೆ ಮಾಡಿತು. ದೊಡ್ಡ ಬಿಸಿಲಿನ ಊರಿನಲ್ಲಿ ಮಕ್ಕಳಿಗೆ ಆ ಮೂರು ತಾಸು ಸಿಕ್ಕದ್ದು ಹೊಸ ಕಟ್ಟಡದಿಂದಲ್ಲ. ಇದ್ದ ಕಟ್ಟಡದ ಗೇಟನ್ನು ತೆರೆದಿಟ್ಟದ್ದರಿಂದ.

ನನ್ನ ಅನುಭವ ಒಂದು ಹೇಳುತ್ತೇನೆ. ಊರು ಬೇಡ. ಶಾಲೆಯ ಹುಡುಗರನ್ನು ಕರೆದುಕೊಂಡು ಒಂದು ಕ್ರೀಡಾಂಗಣಕ್ಕೆ ಹೋಗಿದ್ದೆ. ಒಳಗೆ ಶಾಮಿಯಾನ, ಓಟದ ಹಾದಿಯ ಮೇಲೆ ಕುರ್ಚಿ ತಂದ ಲಾರಿಯ ಗಾಲಿ ಗುರುತು. ಅಂದು ಯಾವುದೋ ಸಮಾರಂಭ. ಕಾವಲುಗಾರ ನಯವಾಗಿಯೇ ಹೇಳಿದ: "ನಾಳೆ ಬರ್ರಿ." ಮರುದಿನ ಹೋದರೆ ಹಾದಿಯ ತುಂಬ ಮೊಳೆ ಮತ್ತು ಗುಂಡಿ. ಹುಡುಗರು ಬೂಟು ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದರು. ಸಮಾರಂಭ ಬೇಡ ಎಂದಲ್ಲ. ಊರಿಗೆ ದೊಡ್ಡ ಅಂಗಳ ಇರುವುದು ಒಂದೇ, ಧ್ವಜಾರೋಹಣವೂ ಅಲ್ಲೇ ಆಗಬೇಕು, ಸಭೆಯೂ ಅಲ್ಲೇ. ಆದರೆ ಕೃತಕ ಹಾಸಿನ ಓಟದ ಹಾದಿ ಎಂಟು ಹತ್ತು ವರ್ಷಕ್ಕೆ ಮತ್ತೆ ಹಾಸಬೇಕಾದ ವಸ್ತು. ಮೇಲೆ ಲಾರಿ ಹತ್ತಿಸಿದರೆ ಅಷ್ಟೂ ಬಾಳದು. ನಾಳೆ ಬನ್ನಿ ಎನ್ನುವ ಮಾತು ಓಟಗಾರನಿಗೆ ಹತ್ತು ಸಲ ಸಿಕ್ಕರೆ, ಹನ್ನೊಂದನೆಯ ಸಲ ಅವನು ಬರುವುದಿಲ್ಲ.

ಹಾಗಾದರೆ ಆಟಗಾರರು ಎಲ್ಲಿ ತಯಾರಾಗುತ್ತಾರೆ? ಇದಕ್ಕೆ ನಮ್ಮ ರಾಜ್ಯದಲ್ಲೇ ಚೆಂದದ ಉದಾಹರಣೆಯಿದೆ. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣ ಒಂದು ಮದುವೆಯ ಹಾಲು. ಮದುವೆ ಇಲ್ಲದ ದಿನ ಅಲ್ಲಿ ಬ್ಯಾಡ್ಮಿಂಟನ್. ಲಗ್ನದ ದಿನಗಳಲ್ಲಿ ಆಟ ಬಂದ್. ಆ ಹಾಲಿನಲ್ಲಿ ಆಡಿ ಬೆಳೆದ ಹುಡುಗ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅವರು ಮುಂದೆ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಅಲ್ಲಿ ಪಳಗಿದವರಲ್ಲಿ ಒಬ್ಬರಾದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ಗೋಪಿಚಂದ್ ತಮ್ಮ ಮನೆಯನ್ನು ಅಡವಿಟ್ಟು ಅಕಾಡೆಮಿ ಕಟ್ಟಿದರು, 2008ರಲ್ಲಿ. ಎಲ್ಲಿ? ಇದೇ ಗಚ್ಚಿಬೌಲಿಯಲ್ಲಿ. ಅಲ್ಲಿಂದ ಸೈನಾ ನೆಹ್ವಾಲ್ 2012ರಲ್ಲಿ ಲಂಡನ್ನಿನಲ್ಲಿ ಕಂಚು ತಂದರು, ಪಿ.ವಿ. ಸಿಂಧು 2016ರಲ್ಲಿ ರಿಯೋದಲ್ಲಿ ಬೆಳ್ಳಿ ತಂದರು.

ಸೈನಾ ಚಿಕ್ಕವಳಿದ್ದಾಗ ಅವಳ ತಂದೆ ನಸುಕಿನಲ್ಲಿ ಸ್ಕೂಟರಿನ ಮೇಲೆ ಅವಳನ್ನು ಇಪ್ಪತ್ತೈದು ಕಿಲೋಮೀಟರು ದೂರದ ಲಾಲ್ ಬಹಾದ್ದೂರ್ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತಿದ್ದರು. ಸಿಂಧು ನಿತ್ಯ 56 ಕಿಲೋಮೀಟರು ಪ್ರಯಾಣ ಮಾಡಿ ಅಕಾಡೆಮಿಗೆ ಬರುತ್ತಿದ್ದಳೆಂದು ಪತ್ರಿಕೆಗಳು ಬರೆದವು. ಅವರು ಅಷ್ಟು ದೂರ ಹೋದದ್ದು ಕಟ್ಟಡ ನೋಡಲಿಕ್ಕಲ್ಲ. ಅಲ್ಲಿ ಬೆಳಿಗ್ಗೆ ಗೇಟು ತೆರೆದಿರುತ್ತಿತ್ತು, ಕಲಿಸುವ ಗುರು ಕಾಯುತ್ತಿದ್ದ. ಮಲ್ಲೇಶ್ವರದ ಮದುವೆ ಹಾಲಿನಿಂದ ರಿಯೋದ ಬೆಳ್ಳಿಯವರೆಗೆ ಒಂದು ಎಳೆ ಹರಿದು ಬಂದಿದೆ. ಆ ಎಳೆ ಗುರುವಿನಿಂದ ಶಿಷ್ಯನಿಗೆ ಬಂದದ್ದು.

ಹೀಗೆಂದರೆ ದೊಡ್ಡ ಕ್ರೀಡಾಂಗಣವೇ ಬೇಡವೆಂದು ಅರ್ಥವಲ್ಲ. ಓಟಗಾರ್ತಿ ಒಂದಲ್ಲ ಒಂದು ದಿನ ಕೃತಕ ಹಾಸಿನ ಮೇಲೆ ಓಡಲೇಬೇಕು. ರಾಜ್ಯದ ಸ್ಪರ್ಧೆ ನಡೆಯುವುದು ಅದರ ಮೇಲೆ. ಮಣ್ಣಿನಲ್ಲಷ್ಟೇ ಓಡಿದವಳಿಗೆ ಅಲ್ಲಿ ಹೆಜ್ಜೆಯ ಪುಟಿತ ಹೊಸದು, ತಿರುವು ಹೊಸದು. ಆದರೆ ಅದು ಮೇಲಿನ ಮೆಟ್ಟಿಲು. ಮೊದಲ ಮೆಟ್ಟಿಲು ಲಾರಿ ಬಾರದ, ಅಳತೆಯಿರುವ, ದಿನವೂ ತೆರೆದಿರುವ ಒಂದು ಮಣ್ಣಿನ ಹಾದಿ. ಅದನ್ನು ಕಟ್ಟಲು ಕೋಟಿ ಬೇಡ. ಒಂದು ಹಗ್ಗ, ಎರಡು ಗೂಟ, ಒಂದು ಚೀಲ ಸುಣ್ಣ ಸಾಕು.

ಹೇಗೆಂದು ಹೇಳುತ್ತೇನೆ. 90 ಮೀಟರು ಉದ್ದ, 50 ಮೀಟರು ಅಗಲದ ಬಯಲು ಇದ್ದರೆ ನಾಲ್ಕು ಲೇನಿನ 200 ಮೀಟರು ಹಾದಿ ಕೂಡುತ್ತದೆ. ನಡುವಿನಲ್ಲಿ 40 ಮೀಟರು ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಒಂದೊಂದು ಗೂಟಕ್ಕೂ 18.90 ಮೀಟರು ಹಗ್ಗ ಕಟ್ಟಿ ಹೊರಬದಿಗೆ ಅರ್ಧ ವೃತ್ತ ಎಳೆಯಿರಿ. ಎರಡು ವೃತ್ತಗಳ ತುದಿಗಳನ್ನು ನೇರ ಗೆರೆಯಿಂದ ಕೂಡಿಸಿ. ಬರೀ ಸುಣ್ಣದ ಗೆರೆಯಿದ್ದಾಗ 20 ಸೆಂಟಿಮೀಟರು ಹೊರಗೆ ಅಳೆಯುವುದು ಪದ್ಧತಿ, ಆದ್ದರಿಂದ ಲೆಕ್ಕದ ತ್ರಿಜ್ಯ 19.10. ಅದರ ಸುತ್ತಳತೆ 120, ನೇರ ಬದಿಗಳು 80, ಕೂಡಿದರೆ 200. ಹೊರಗೆ ಒಂದೊಂದು ಲೇನಿಗೆ 1.22 ಮೀಟರಿನಂತೆ ಗೆರೆ ಹಾಕಿ. ಗಣಿತದ ಮಾಸ್ತರರೂ ದೈಹಿಕ ಶಿಕ್ಷಕರೂ ಕೂಡಿ ಒಂದು ಶನಿವಾರ ಮಕ್ಕಳಿಂದಲೇ ಇದನ್ನು ಮಾಡಿಸಬಹುದು. ಪೈ ಎಂದರೇನು ಎಂದು ಆಮೇಲೆ ಯಾವ ಹುಡುಗನೂ ಕೇಳಲಾರ. ನಾಲ್ಕು ಸುತ್ತು ಓಡಿದರೆ ನಮ್ಮ ಹುಡುಗಿಯ ಎಂಟುನೂರು ಮೀಟರು ಮುಗಿಯಿತು.

ಮಳೆ ಬಂದರೆ ಸುಣ್ಣ ತೊಳೆದುಹೋಗುತ್ತದೆ, ಮತ್ತೆ ಹಾಕಬೇಕು. ಇಲ್ಲಿ ನೌಬಾದಿನವನಾಗಿ ಒಂದು ಮಾತು ಹೇಳಬೇಕು. ನಾವು ಓಡಾಡುವ ಈ ಕೆಂಪು ಜಂಬಿಟ್ಟಿಗೆಯ ನೆಲದ ಕೆಳಗೆ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಪರ್ಷಿಯಾದ ವಿದ್ಯೆಯಿಂದ ತೋಡಿದ ಸುರಂಗ ಬಾವಿ. ಮೂರು ಕಿಲೋಮೀಟರಿನಷ್ಟು ಉದ್ದ, ಗಾಳಿ ಬೆಳಕಿಗೆಂದು ಮೇಲಿನಿಂದ ಇಳಿಸಿದ 21 ಬಾವಿಗಳು. ನೆಲದೊಳಗಿನ ನೀರು ಯಾವ ಯಂತ್ರವೂ ಇಲ್ಲದೆ ಇಳಿಜಾರಿನಲ್ಲಿ ತಾನೇ ಹರಿದು ಬರುತ್ತಿತ್ತು. ಅದನ್ನು ಯಾರೂ ಕೆಡವಲಿಲ್ಲ. ಹೂಳು ತೆಗೆಯುವುದನ್ನು ಬಿಟ್ಟರು, ಬಾವಿಗಳೊಳಗೆ ಕಸ ಚೆಲ್ಲಿದರು, ಅಷ್ಟೇ. ಅದು ಮುಚ್ಚಿಹೋಯಿತು, ಊರು ಮರೆಯಿತು. ಈಚಿನ ವರ್ಷಗಳಲ್ಲಿ ಹೂಳು ತೆಗೆಸಿದಾಗ ಮತ್ತೆ ನೀರು ಕಂಡಿತು. ಕಟ್ಟಿಸಲು ಒಬ್ಬ ಸುಲ್ತಾನ ಸಾಕು. ಉಳಿಸಿಕೊಳ್ಳಲು ವರ್ಷ ವರ್ಷ ಹೂಳು ತೆಗೆಯುವ ಊರು ಬೇಕು. ಕರೇಜಿಗೆ ನಿಜವಾದದ್ದು ಕ್ರೀಡಾಂಗಣಕ್ಕೂ ನಿಜ.

ಈಗ ಅಪ್ಪನಿಗೆ ಉತ್ತರ.

ಹೈದರಾಬಾದಿಗೆ ಮಗಳನ್ನು ಕರೆದುಕೊಂಡು ಹೋಗಿ. ಕಾಲೇಜಿಗೆ ಸೇರಿಸಲು ಅಲ್ಲ, ಒಂದು ದಿನಕ್ಕೆ. ಆ ಹಾದಿಯನ್ನು ಅವಳು ಕಣ್ತುಂಬ ನೋಡಲಿ. ಅಲ್ಲಿ ಇಡುವುದಾದರೆ ಕಟ್ಟಡ ನೋಡಿ ನಿರ್ಧಾರ ಮಾಡಬೇಡಿ. ನಾಲ್ಕು ಪ್ರಶ್ನೆ ಕೇಳಿ. ಎಂಟುನೂರು ಮೀಟರು ಕಲಿಸುವ ಕೋಚು ಯಾರು, ಅವರ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ? ಬೆಳಿಗ್ಗೆ ಗೇಟು ಎಷ್ಟಕ್ಕೆ ತೆರೆಯುತ್ತದೆ, ವರ್ಷದಲ್ಲಿ ಎಷ್ಟು ದಿನ ಮುಚ್ಚಿರುತ್ತದೆ? ಹುಡುಗಿಯರಿಗೆ ವಸತಿ ಹೇಗಿದೆ, ರಾತ್ರಿ ಜವಾಬ್ದಾರಿ ಯಾರದು? ಪರೀಕ್ಷೆಯ ತಿಂಗಳಲ್ಲಿ ಓದಿಗೆ ಬಿಡುವು ಕೊಡುತ್ತಾರೆಯೇ? ನಾಲ್ಕಕ್ಕೂ ನೇರ ಉತ್ತರ ಬಂದರೆ ಮುಂದೆ ಯೋಚಿಸಿ. ನಮ್ಮ ರಾಜ್ಯದಲ್ಲೂ ಕ್ರೀಡಾ ಇಲಾಖೆಯ ವಸತಿ ನಿಲಯಗಳು ಹಲವು ಜಿಲ್ಲೆಗಳಲ್ಲಿವೆ, ಆಯ್ಕೆ ಪರೀಕ್ಷೆಯಿಂದ ಸೇರಿಸಿಕೊಳ್ಳುತ್ತಾರೆ. ಅಲ್ಲಿಯೂ ಇವೇ ಪ್ರಶ್ನೆ ಕೇಳಿ.

ಮನೆಯಾಕೆಯ ಪ್ರಶ್ನೆಗೂ ಉತ್ತರ ಕೊಡಬೇಕು. ಓಡಿದ ಎಲ್ಲರಿಗೂ ಪದಕ ಬರುವುದಿಲ್ಲ, ನೌಕರಿಯೂ ಬರುವುದಿಲ್ಲ. ಸುಳ್ಳು ಆಸೆ ಹಚ್ಚಲಾರೆ. ಅದಕ್ಕೇ ಓದು ಬಿಡಿಸಬೇಡಿ. ಆದರೆ ದಿನವೂ ಐದಕ್ಕೆ ಏಳುವ, ಸೋತು ಬಂದ ಮರುದಿನವೂ ಬೂಟಿನ ಲೇಸು ಕಟ್ಟುವ ಹುಡುಗಿ ಯಾವ ಕೆಲಸಕ್ಕೆ ಹೋದರೂ ನಿಲ್ಲುತ್ತಾಳೆ, ತಾಯೀ. ಹೊಟ್ಟೆ ತುಂಬಿಸುವ ಗುಣ ಅದು.

ಊರಿನ ಉಳಿದ ಪಾಲಕರಿಗೆ ನನ್ನ ಬೇಡಿಕೆ ಒಂದೇ. ಮಗಳು ಲಾರಿಗಳ ನಡುವೆ ಓಡಬೇಕಾಗಿರುವುದು ಆ ಅಪ್ಪನೊಬ್ಬನ ಚಿಂತೆ ಅಲ್ಲ. ಹತ್ತು ಜನ ಕೂಡಿ ಹತ್ತಿರದ ಶಾಲೆಯ ಮುಖ್ಯ ಗುರುಗಳ ಹತ್ತಿರ ಹೋಗಿ, ಬೆಳಗಿನ ಐದರಿಂದ ಏಳರವರೆಗೆ ಮೈದಾನದ ಗೇಟು ತೆರೆಯಿಸಿ. ಪಾಳಿಯ ಮೇಲೆ ಒಬ್ಬೊಬ್ಬ ಪಾಲಕ ಅಲ್ಲಿ ನಿಲ್ಲಲಿ. ಸುಣ್ಣದ ಚೀಲ ನನ್ನ ಕಡೆಯಿಂದ. ಹೊಸ ಸ್ಟೇಡಿಯಂ ಕೊಡಿ ಎಂದು ಕೇಳುವ ಮನವಿಗೆ ಸಹಿ ಹಾಕುವಾಗ, ದಿನವೂ ತೆರೆದಿಡುವವರು ಯಾರು ಎಂದೂ ಅದರಲ್ಲಿ ಬರೆಯಿಸಿ.

ನಿನ್ನೆ ಬೆಳಿಗ್ಗೆ ಅಪ್ಪ ಮಗಳು ಮತ್ತೆ ಸಿಕ್ಕರು. ಹಗ್ಗದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅಪ್ಪ ಅದನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. ಹುಡುಗಿ ಕೈಚಾಚಿ ತೆಗೆದುಕೊಂಡು, ಸ್ಕೂಟರಿನ ದೀಪದ ಬೆಳಕಿಗೆ ಹಿಡಿದು ಓದಿದಳು.

"ಸರ್, ಹದಿನೆಂಟು ಪಾಯಿಂಟ್ ಒಂಬತ್ತು ಮೀಟರ್ ಹಗ್ಗ ಬೇಕಲ್ರಿ?"

"ಹೌದು ತಂಗಿ."

"ನಮ್ ಬಾವಿ ಹಗ್ಗ ಅದಕ್ಕಿಂತ ಉದ್ದ ಅದರಿ" ಎಂದಳು.